ನಡುವೆ ನಿಂತವರು: ಮದ್ರಾಸಿನ ಹಿರಿಯರು ಮತ್ತು ದೂರಸಂಪರ್ಕದ ಚರಿತ್ರೆ

ಚೆನ್ನೈ ನಗರದ ಹಿರಿಯರು ಅಂತರ್ಜಾಲಕ್ಕೆ ಒಗ್ಗಿಕೊಂಡ ಬಗೆಯನ್ನು ಚರಿತ್ರೆಯಾಗಿ ಬರೆಯುವಾಗ 1995ರ ಆಗಸ್ಟ್ 15ನ್ನು ಮೊದಲ ದಿನವೆಂದು ಹಿಡಿಯುವುದು ಸುಲಭ. ಅಂದು ವಿದೇಶ ಸಂಚಾರ ನಿಗಮವು ಬೊಂಬಾಯಿ, ದೆಹಲಿ, ಕಲ್ಕತ್ತಗಳ ಜೊತೆಗೆ ಆಗಿನ್ನೂ ಮದ್ರಾಸ್ ಎಂದೇ ಕರೆಸಿಕೊಳ್ಳುತ್ತಿದ್ದ ಈ ಊರಿನಲ್ಲೂ ಸಾರ್ವಜನಿಕರಿಗೆ ಅಂತರ್ಜಾಲ ಸಂಪರ್ಕ ಕೊಡಲು ತೊಡಗಿತು. ಆದರೆ ಆ ದಿನಾಂಕ ತಂತಿ ಮತ್ತು ಯಂತ್ರಗಳ ಚರಿತ್ರೆಗೆ ಸೇರಿದ್ದು. ದೂರ ಹೋದ ಮಕ್ಕಳ ಮಾತಿಗಾಗಿ ಕಾಯುವುದು, ಸಂಜೆ ನಾಲ್ಕು ಜನ ಸೇರುವಲ್ಲಿ ಹೋಗಿ ಕೂರುವುದು, ಮೈಗೆ ಹುಷಾರಿಲ್ಲದಾಗ ಕೇಳುವವರನ್ನು ಹುಡುಕುವುದು, ಪಿಂಚಣಿಗಾಗಿ ತಾನಿನ್ನೂ ಬದುಕಿದ್ದೇನೆಂದು ರುಜುವಾತುಪಡಿಸುವುದು, ಮುಪ್ಪಿನ ಈ ಕೆಲಸಗಳೆಲ್ಲ ಅಂತರ್ಜಾಲಕ್ಕಿಂತ ಬಹಳ ಹಳೆಯವು. ಇವುಗಳಲ್ಲಿ ಹೆಚ್ಚಿನವಕ್ಕೆ ಹಿರಿಯರಿಗೂ ಹೊರಲೋಕಕ್ಕೂ ನಡುವೆ ಒಬ್ಬ ವ್ಯಕ್ತಿ ನಿಂತಿರುತ್ತಿದ್ದ. ಯಂತ್ರ ಬದಲಾದಂತೆಲ್ಲ ಆ ನಡುವಿನವನು ಬದಲಾದ, ಕೆಲವೊಮ್ಮೆ ಕಾಣೆಯೂ ಆದ. ಮದ್ರಾಸಿನ ಮುಪ್ಪಿನ ಚರಿತ್ರೆಯಲ್ಲಿ ಯಂತ್ರಕ್ಕಿಂತ ಅವನೇ ಮುಖ್ಯ ಎಂಬುದು ಇಲ್ಲಿನ ವಾದ.

ಕನ್ನಡ ನಾಡಿನ ಮಟ್ಟಿಗೆ ಈ ಕಥೆ ತಿರುಗುಮುರುಗಾಗಿ ಆರಂಭವಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯಕ್ಕೇ ಸೇರಿದ್ದುದರಿಂದ ಅಲ್ಲಿನ ಹುಡುಗರಿಗೆ ಮದ್ರಾಸೆಂದರೆ ರಾಜಧಾನಿ, ದುಡಿಮೆಯ ಊರು. ಉಡುಪಿ ಕಡೆಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದು, 1952ರಲ್ಲಿ ನ್ಯೂ ವುಡ್‌ಲ್ಯಾಂಡ್ಸನ್ನೂ 1962ರಲ್ಲಿ ಕೆಥೆಡ್ರಲ್ ರಸ್ತೆಯ ಡ್ರೈವ್-ಇನ್ ಹೋಟೆಲನ್ನೂ ಕಟ್ಟಿದರು. ಇಂಥ ಹೋಟೆಲುಗಳ ಅಡುಗೆಮನೆ, ಗಲ್ಲಾ ಮತ್ತು ಸಪ್ಲೈ ಕೆಲಸಗಳಿಗೆ ಕರಾವಳಿಯ ಹಳ್ಳಿಗಳಿಂದ ಬಂದವರ ತಂದೆತಾಯಿಯರು ಊರಲ್ಲೇ ಉಳಿದರು. ಅವರಿಗೂ ಮದ್ರಾಸಿಗೂ ನಡುವಿನ ಕೊಂಡಿ ಮನಿಯಾರ್ಡರ್; ಅಂದರೆ ಅಂಚೆ ಇಲಾಖೆ 1880ರಲ್ಲಿ ಆರಂಭಿಸಿದ, ಒಂದು ಕಚೇರಿಯಲ್ಲಿ ಕಟ್ಟಿದ ಹಣವನ್ನು ಇನ್ನೊಂದು ಊರಿನಲ್ಲಿ ಅಂಚೆಯವನೇ ಮನೆ ಬಾಗಿಲಿಗೆ ತಂದುಕೊಡುವ ಏರ್ಪಾಡು. ಮನಿಯಾರ್ಡರ್ ಫಾರಮ್ಮಿನ ಕೆಳಗೆ ಎರಡು ಮೂರು ಸಾಲು ಬರೆಯುವಷ್ಟು ಜಾಗವಿರುತ್ತಿತ್ತು. ಹಣ ಎಣಿಸಿಕೊಟ್ಟ ಮೇಲೆ ಅಂಚೆಯವನು ಆ ತುಂಡನ್ನು ಹರಿದು ಕೊಡುತ್ತಿದ್ದ, ಓದಲು ಬಾರದ ಮುದುಕಿಯಾದರೆ ತಾನೇ ಓದಿ ಹೇಳುತ್ತಿದ್ದ, ಸಹಿ ಬಾರದಿದ್ದರೆ ಎಡಗೈ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡು ಪಕ್ಕದ ಮನೆಯವರ ಸಾಕ್ಷಿ ಹಾಕಿಸಿಕೊಳ್ಳುತ್ತಿದ್ದ. ಮಗನ ಆರೋಗ್ಯ, ಊರಿಗೆ ಬರುವ ತಿಂಗಳು, ತಂಗಿಯ ಮದುವೆಯ ಮಾತು ಎಲ್ಲವೂ ಮೊದಲು ಅಂಚೆಯವನ ಬಾಯಲ್ಲಿ ಹಾದುಹೋಗಬೇಕಾಗಿದ್ದುದರಿಂದ ಗುಟ್ಟೆಂಬುದು ಉಳಿಯುತ್ತಿರಲಿಲ್ಲ. ಆದರೆ ಹಣ ತಲುಪಿತೇ, ಮುದುಕಿ ಗಟ್ಟಿಯಾಗಿದ್ದಾಳೆಯೇ ಎಂದು ತಿಂಗಳಿಗೊಮ್ಮೆ ಕಣ್ಣಾರೆ ನೋಡಿ ಹೋಗುವ ಒಬ್ಬ ಮನುಷ್ಯ ಖಂಡಿತವಾಗಿ ಇದ್ದ.

ಮದ್ರಾಸಿನಲ್ಲೇ ಮುಪ್ಪಾದವರ ಸಾಮಾಜಿಕ ಬದುಕು ಬೇರೆ ರೀತಿಯದು. ಗವರ್ನರ್ ಗ್ರಾಂಟ್ ಡಫ್ 1880ರ ದಶಕದಲ್ಲಿ ಮಾಡಿಸಿದ ಮರೀನಾ ಕಡಲತಡಿಯ ಕಾಲುದಾರಿ, 1920ರ ದಶಕದಲ್ಲಿ ತ್ಯಾಗರಾಯ ನಗರದ ನಡುವೆ ರೂಪುಗೊಂಡ ಪಾನಗಲ್ ಪಾರ್ಕು, ಮೈಲಾಪುರದ ದೇವಾಲಯದ ಕೆರೆಯ ಸುತ್ತಿನ ಬೀದಿಗಳು, ಸಂಗೀತ ಸಭೆಗಳ ಹಿಂದಿನ ಸಾಲಿನ ಕುರ್ಚಿಗಳು, ಇವು ನಿವೃತ್ತರ ಕೂಟದ ನೆಲೆಗಳು. ಇವುಗಳಿಗೆ ದೂರದ ದನಿಯೊಂದು ಬಂದು ಸೇರಿದ್ದು ಭಾರತದಲ್ಲೇ ಮೊದಲ ರೇಡಿಯೋ ಪ್ರಯೋಗಗಳಲ್ಲಿ ಒಂದರ ಮೂಲಕ. ಸಿ.ವಿ. ಕೃಷ್ಣಸ್ವಾಮಿ ಚೆಟ್ಟಿ ಮುಂತಾದವರು 1924ರಲ್ಲಿ ಸ್ಥಾಪಿಸಿದ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ಬು ಹಣವಿಲ್ಲದೆ 1927ರಲ್ಲಿ ನಿಂತಾಗ ಅದರ ಪ್ರಸಾರಯಂತ್ರವನ್ನು ನಗರಪಾಲಿಕೆ ವಹಿಸಿಕೊಂಡು 1930ರಿಂದ ತಾನೇ ಪ್ರಸಾರ ನಡೆಸಿತು. ಮನೆಯಲ್ಲಿ ರೇಡಿಯೋ ಇಡುವ ಶಕ್ತಿ ಕೆಲವೇ ಜನಕ್ಕಿದ್ದ ಆ ಕಾಲದಲ್ಲಿ ಮರೀನಾದಲ್ಲೂ ಉದ್ಯಾನಗಳಲ್ಲೂ ಧ್ವನಿವರ್ಧಕಗಳನ್ನು ನಿಲ್ಲಿಸಿ ಸಂಜೆಯ ಸಂಗೀತವನ್ನೂ ಮಾತನ್ನೂ ಕೇಳಿಸಿತು. 1938ರ ಜೂನ್ 16ರಂದು ಆಲ್ ಇಂಡಿಯಾ ರೇಡಿಯೋದ ಮದ್ರಾಸ್ ಕೇಂದ್ರ ಆರಂಭವಾಗುವವರೆಗೆ ಈ ವ್ಯವಸ್ಥೆಯೇ ಊರಿನ ಆಕಾಶವಾಣಿ. (ಆಕಾಶವಾಣಿ ಎಂಬ ಮಾತನ್ನು ಪ್ರೊ. ಎಂ.ವಿ. ಗೋಪಾಲಸ್ವಾಮಿಯವರ ಮೈಸೂರು ಬಾನುಲಿ ಕೇಂದ್ರ 1935ರಲ್ಲೇ ಬಳಕೆಗೆ ತಂದಿತ್ತೆಂಬುದನ್ನು ಕನ್ನಡಿಗರು ಮರೆಯಬೇಕಾಗಿಲ್ಲ.) ಕಂಬದ ಮೇಲಿನ ಧ್ವನಿವರ್ಧಕ ಹಿರಿಯರಿಂದ ಯಾವ ಕಲಿಕೆಯನ್ನೂ ಕೇಳಲಿಲ್ಲ, ಗುಂಡಿ ಒತ್ತಬೇಕಾಗಿರಲಿಲ್ಲ, ಗುಪ್ತಪದ ನೆನಪಿಡಬೇಕಾಗಿರಲಿಲ್ಲ, ಎಲ್ಲಕ್ಕಿಂತ ಮಿಗಿಲಾಗಿ ಅದನ್ನು ಒಬ್ಬೊಬ್ಬರೇ ಕೇಳುವುದು ಸಾಧ್ಯವೇ ಇರಲಿಲ್ಲ. ತಂತ್ರಜ್ಞಾನವೊಂದು ಮುದುಕರನ್ನು ಮನೆಯಿಂದ ಹೊರಗೆ ಎಳೆದು ತಂದ ಅಪರೂಪದ ನಿದರ್ಶನವಿದು, ಮುಂದೆ ಬಂದ ಯಾವ ಸಾಧನಕ್ಕೂ ಈ ಗುಣ ಇಷ್ಟು ಸಹಜವಾಗಿ ಒಲಿಯಲಿಲ್ಲ.

ಮುಪ್ಪು ಎಂಬುದು ಕುಟುಂಬದ ಸಂಗತಿಯಷ್ಟೇ ಅಲ್ಲ, ಆಸ್ಪತ್ರೆಗೂ ಸಮಾಜಕ್ಕೂ ಸೇರಿದ ಪ್ರತ್ಯೇಕ ವಿಷಯ ಎಂಬ ಅರಿವು ಈ ಊರಿನಲ್ಲಿ ಯಾವಾಗ ಗಟ್ಟಿಯಾಯಿತೆಂದು ಕೇಳಿದರೆ 1978 ಎಂಬ ವರ್ಷವನ್ನು ಹೇಳಬಹುದು. ಆ ವರ್ಷ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ಡಾ. ವಿ.ಎಸ್. ನಟರಾಜನ್ ಅವರು ವೃದ್ಧರಿಗಾಗಿಯೇ ಹೊರರೋಗಿ ವಿಭಾಗವನ್ನು ತೆರೆದರು. ಅದೇ ವರ್ಷ ಸಾವಿತ್ರಿ ವೈದಿಯವರು ದಿಕ್ಕಿಲ್ಲದ ವೃದ್ಧೆಯರಿಗಾಗಿ ವಿಶ್ರಾಂತಿ ಎಂಬ ಆಶ್ರಯಧಾಮವನ್ನು ಕಟ್ಟಿದರು. ಮುದಿಗಣ್ಣಿನ ಪೊರೆಯನ್ನು ಮುಂದೆ ಲಕ್ಷಗಟ್ಟಲೆ ಜನರಿಗೆ ತೆಗೆಯಲಿದ್ದ ಶಂಕರ ನೇತ್ರಾಲಯ ಹುಟ್ಟಿದ್ದೂ, ರಾಷ್ಟ್ರಮಟ್ಟದಲ್ಲಿ ಹೆಲ್ಪ್‌ಏಜ್ ಇಂಡಿಯಾ ನೋಂದಣಿಯಾದದ್ದೂ ಆಗಲೇ. ಮುಪ್ಪಿನ ಕಾಯಿಲೆಗಳನ್ನು ಬಿಡಿಬಿಡಿಯಾಗಿ ನೋಡದೆ ಒಬ್ಬ ವಯಸ್ಸಾದವರ ದೇಹ, ಮನಸ್ಸು ಮತ್ತು ಮನೆಯ ಸ್ಥಿತಿಯನ್ನು ಒಟ್ಟಾಗಿ ನೋಡುವ ವೈದ್ಯಶಾಖೆಗೆ ಜೀರಿಯಾಟ್ರಿಕ್ಸ್, ಕನ್ನಡದಲ್ಲಿ ಜರಾಚಿಕಿತ್ಸೆ, ಎಂದು ಹೆಸರು; ಆ ಇಂಗ್ಲಿಷ್ ಪದವನ್ನು 1909ರಲ್ಲಿ ಟಂಕಿಸಿದವನು ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನ್ಯಾಷರ್. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ 1996ರಲ್ಲಿ ಈ ಶಾಖೆಯ ಸ್ನಾತಕೋತ್ತರ ಪದವಿ ಆರಂಭವಾಯಿತು. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯಲ್ಲಿ 60 ದಾಟಿದವರ ಪಾಲು ಶೇ. 8.6 ಇದ್ದಾಗ ಕರ್ನಾಟಕದಲ್ಲಿ ಅದು ಶೇ. 9.5, ತಮಿಳುನಾಡಿನಲ್ಲಿ ಶೇ. 10.4 ಇತ್ತು, ಹೆರಿಗೆಯ ಸಂಖ್ಯೆ ಬೇಗ ತಗ್ಗಿದ, ಆಯುಸ್ಸು ಬೇಗ ಹೆಚ್ಚಿದ ರಾಜ್ಯಕ್ಕೆ ಮುಪ್ಪೂ ಬೇಗ ಬರುತ್ತದೆ.

ಅಷ್ಟು ಹೊತ್ತಿಗೆ ಮಕ್ಕಳು ದೂರ ಹೋಗಿದ್ದರು. ಅಮೆರಿಕ 1965ರಲ್ಲಿ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ವೈದ್ಯರೂ ಎಂಜಿನಿಯರುಗಳೂ, 1990ರ ದಶಕದಲ್ಲಿ ಸಾಫ್ಟ್‌ವೇರ್ ನೌಕರರೂ ಮದ್ರಾಸಿನ ಮಧ್ಯಮವರ್ಗದ ಮನೆಗಳಿಂದ ಸಾಲುಸಾಲಾಗಿ ಹೊರಟರು. ವೀಸಾ ಕೊಡುವ ಅಮೆರಿಕದ ಕಾನ್ಸುಲೇಟು ಜೆಮಿನಿ ವೃತ್ತದಲ್ಲಿ, ಕೃಷ್ಣರಾಯರ ಡ್ರೈವ್-ಇನ್ ಅಲ್ಲಿಂದ ನಡೆದು ಹೋಗುವಷ್ಟೇ ದೂರದಲ್ಲಿ. ಬೆಳಗಿನ ವಾಯುವಿಹಾರ ಮುಗಿಸಿದ ನಿವೃತ್ತರು ಮರದ ನೆರಳಲ್ಲಿ ಫಿಲ್ಟರ್ ಕಾಫಿ ಹಿಡಿದು ಕೂರುತ್ತಿದ್ದುದೂ, ಮಗಳ ಬಾಣಂತನಕ್ಕೆಂದು ಆರು ತಿಂಗಳ ವೀಸಾ ಬೇಡಿ ಬಂದ ದಂಪತಿಗಳು ದೋಸೆ ತಿನ್ನುತ್ತಿದ್ದುದೂ ಒಂದೇ ಆವರಣದಲ್ಲಿ. ಕರಾವಳಿಯ ಮುದುಕಿಯೊಬ್ಬಳಿಗೆ ಮದ್ರಾಸು ಎಷ್ಟು ದೂರವಿತ್ತೋ ಮದ್ರಾಸಿನ ಮುದುಕಿಗೆ ಈಗ ನ್ಯೂಜೆರ್ಸಿ ಅದಕ್ಕಿಂತ ದೂರವಾಯಿತು. ಹೋಟೆಲ್ ಕಟ್ಟಲು, ಬ್ಯಾಂಕಿನಲ್ಲಿ ದುಡಿಯಲು, ಕೋಡಂಬಾಕಂನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರ ಮಾಡಲು ಬಂದು ಇಲ್ಲೇ ನೆಲೆಸಿದ ಕನ್ನಡಿಗರೂ ಇದೇ ಸ್ಥಿತಿಗೆ ಬಂದರು: ಒಂದು ತಲೆಮಾರಿನ ಹಿಂದೆ ಊರಿನ ತಂದೆತಾಯಿಗೆ ಮನಿಯಾರ್ಡರ್ ಕಳಿಸಿದವರೇ ಈಗ ಮಕ್ಕಳ ಕರೆಗಾಗಿ ಕಾಯುವವರು.

ಆ ಕರೆ ಬರುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮನೆಗೆ ಫೋನು ಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಮುಗಿಯುತ್ತ ಬಂದ 1980ರ ದಶಕದ ಕೊನೆಯಲ್ಲಿ ಬೀದಿಬೀದಿಗೂ ಹಳದಿ ಹಲಗೆಯ ಎಸ್‌ಟಿಡಿ ಬೂತುಗಳು ಬಂದವು. ಗಾಜಿನ ಬಾಗಿಲಿನ, ಒಬ್ಬರೇ ನಿಲ್ಲುವಷ್ಟು ಇಕ್ಕಟ್ಟಾದ ಮರದ ಗೂಡು. ಒಳಗೆ ಫೋನು, ಕಣ್ಣೆದುರಿಗೆ ಸೆಕೆಂಡಿಗೊಮ್ಮೆ ಏರುವ ಕೆಂಪು ಅಂಕಿಗಳ ಮೀಟರು. ರಾತ್ರಿ 11ರ ನಂತರ ಕಾಲುಭಾಗ ದರವಾದುದರಿಂದ ನಿದ್ದೆಗೆಟ್ಟ ಹಿರಿಯರು ಆ ಹೊತ್ತಿಗೆ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದರು, ನಂಬರನ್ನು ಚೀಟಿಯಲ್ಲಿ ಬರೆದು ತಂದು ಬೂತಿನವನ ಕೈಗೆ ಕೊಡುತ್ತಿದ್ದರು, ಅವನು ಒತ್ತಿಕೊಟ್ಟ ಮೇಲೆ ಮೀಟರಿನ ಮೇಲೆ ಕಣ್ಣಿಟ್ಟು ಮಾತಾಡುತ್ತಿದ್ದರು. ಅವರು ಕೂಗಿ ಮಾತಾಡುವುದು ನಗೆಗೀಡಾಗಿತ್ತಾದರೂ ಅದಕ್ಕೆ ದೇಹಶಾಸ್ತ್ರದ ಕಾರಣವಿತ್ತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಹೆಚ್ಚಿನ ಕಂಪನಾಂಕದ ದನಿಗಳನ್ನು, ಎಂದರೆ ಸ, ಶ, ಫ ಇಂಥ ಉಸಿರಿನ ವ್ಯಂಜನಗಳನ್ನು. ಹಳೆಯ ದೂರವಾಣಿ ಜಾಲವೋ ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ದನಿಯನ್ನು ಮಾತ್ರ ಸಾಗಿಸಿ ಅದರ ಮೇಲಿನದನ್ನು ಕತ್ತರಿಸಿಬಿಡುತ್ತಿತ್ತು. ಕಿವಿಯೂ ತಂತಿಯೂ ಒಂದೇ ಕಡೆ ಸೋಲುತ್ತಿದ್ದುದರಿಂದ ಅರ್ಧ ಮಾತು ಊಹೆಯಲ್ಲೇ ಮುಗಿಯುತ್ತಿತ್ತು. ಮುಂದೆ ವಿಡಿಯೋ ಕರೆಯನ್ನು ಹಿರಿಯರು ಅಷ್ಟು ಬೇಗ ಅಪ್ಪಿಕೊಂಡದ್ದಕ್ಕೆ ಮೊಮ್ಮಗುವಿನ ಮುಖದಷ್ಟೇ, ಮಾತಾಡುವವರ ತುಟಿ ಕಾಣುವುದೂ ಕಾರಣ.

1995ರ ಸಂಪರ್ಕವು ಆರಂಭದಲ್ಲಿ ಹಿರಿಯರಿಗೆ ಏನನ್ನೂ ಕೊಡಲಿಲ್ಲ. ಸಾಮಾನ್ಯ ಬಳಕೆದಾರರ ವೇಗ ಸೆಕೆಂಡಿಗೆ 9.6 ಕಿಲೋಬಿಟ್, ಈಗಿನ ಮೂರು ಮೆಗಾಬೈಟಿನ ಒಂದು ಫೋಟೋವನ್ನು ಆ ವೇಗದಲ್ಲಿ ಇಳಿಸಿಕೊಳ್ಳಲು 40 ನಿಮಿಷಕ್ಕೂ ಹೆಚ್ಚು ಹೊತ್ತು ಬೇಕು. 1998ರ ನವೆಂಬರಿನಲ್ಲಿ ಖಾಸಗಿಯವರಿಗೆ ಅವಕಾಶ ಸಿಕ್ಕಾಗ ಮೊದಲು ರಂಗಕ್ಕಿಳಿದದ್ದು ಚೆನ್ನೈನದೇ ಆದ ಸತ್ಯಂ ಇನ್ಫೋವೇ, ಮುಂದೆ ಸಿಫಿ ಎಂದು ಹೆಸರಾದ ಸಂಸ್ಥೆ. ಅದರ ಐವೇ ಮಳಿಗೆಗಳನ್ನೂ ಇತರ ಸಣ್ಣಪುಟ್ಟ ಅಂಗಡಿಗಳನ್ನೂ, ಬೇರೆಡೆ ಸೈಬರ್ ಕೆಫೆ ಎನ್ನುವಂಥವನ್ನು, ಈ ಊರಿನವರು ಬ್ರೌಸಿಂಗ್ ಸೆಂಟರ್ ಎಂದು ಕರೆದರು. 2002ರ ಏಪ್ರಿಲ್ 1ರಿಂದ ಅಂತರ್ಜಾಲದ ಮೂಲಕ ವಿದೇಶಕ್ಕೆ ಮಾತಾಡುವುದು ಕಾನೂನುಬದ್ಧವಾಯಿತು. ನಿಮಿಷಕ್ಕೆ ಹತ್ತಾರು ರೂಪಾಯಿ ಕೊಡುತ್ತಿದ್ದವರಿಗೆ ಅದು ವರವೇ ಆಯಿತು. ಅದೇ ವರ್ಷ ಚೆನ್ನೈಯಿಂದ ಸಿಂಗಪುರಕ್ಕೆ ಕಡಲ ತಳದಲ್ಲಿ ಐ2ಐ ಎಂಬ ಸುಮಾರು 3,200 ಕಿ.ಮೀ. ಉದ್ದದ ಕೇಬಲ್ ಹಾಸಲಾಗಿ, ಊರು ದೇಶದ ದೊಡ್ಡ ಅಂತರ್ಜಾಲ ಬಾಗಿಲುಗಳಲ್ಲಿ ಒಂದಾಯಿತು.

ಬ್ರೌಸಿಂಗ್ ಸೆಂಟರಿನಲ್ಲಿ ನಡುವಿನವನು ಕಂಪ್ಯೂಟರ್ ಕಲಿತ ಇಪ್ಪತ್ತರ ಹುಡುಗ. ಹೆಡ್‌ಫೋನು ಸಿಕ್ಕಿಸಿ, ಕ್ಯಾಮೆರಾ ತಿರುಗಿಸಿ, ಇಮೇಲ್ ತೆರೆದು, ಮಗ ಬರೆದುದನ್ನು ಓದಿ ಹೇಳಿ, ಹಿರಿಯರು ಹೇಳಿದ್ದನ್ನು ತಾನೇ ಇಂಗ್ಲಿಷಿನಲ್ಲಿ ಟೈಪು ಮಾಡಿ ಕಳಿಸುವ ಆ ಹುಡುಗನು ಮನಿಯಾರ್ಡರ್ ತುಂಡನ್ನು ಓದಿ ಹೇಳುತ್ತಿದ್ದ ಅಂಚೆಯವನ ನೇರ ವಾರಸುದಾರ. ಗುಪ್ತಪದವೂ ಬಹುತೇಕ ಅವನ ಬಳಿಯೇ ಇರುತ್ತಿತ್ತು. ಈ ಭರವಸೆಯನ್ನು ಇಂದಿನ ಭದ್ರತಾ ತಜ್ಞರು ಕೇಳಿದರೆ ತಲೆ ಚಚ್ಚಿಕೊಳ್ಳುತ್ತಾರೆ.

ಅಂತರ್ಜಾಲವು ಹಿರಿಯರ ಮನಸ್ಸಿಗೂ ಮೈಗೂ ಒಳಿತೋ ಕೆಡುಕೋ ಎಂಬ ವಿದ್ವಾಂಸರ ಚರ್ಚೆ ಇದೇ ವರ್ಷಗಳದು. ಎಲೇನ್ ಕಮಿಂಗ್ ಮತ್ತು ವಿಲಿಯಂ ಹೆನ್ರಿ 1961ರಲ್ಲಿ ಮುಂದಿಟ್ಟ ವಿಮುಖತಾ ಸಿದ್ಧಾಂತವು ವಯಸ್ಸಾದವರು ಸಮಾಜದಿಂದ ಮೆಲ್ಲನೆ ಹಿಂದೆ ಸರಿಯುವುದು ಸಹಜವೆಂದಿತ್ತು; ನಮ್ಮವರಿಗೆ ಇದು ವಾನಪ್ರಸ್ಥವನ್ನು ನೆನಪಿಸಬಹುದು, ಆದರೆ ವಾನಪ್ರಸ್ಥಕ್ಕೆ ಹೊರಟವನೂ ಹೆಂಡತಿಯನ್ನು ಜೊತೆಗೆ ಕರೆದೊಯ್ಯಬಹುದಿತ್ತು. ಅಮೆರಿಕದಲ್ಲಿ ಮೇರಿ ಫರ್ಲಾಂಗ್ 1986ರಲ್ಲೇ ಹಿರಿಯರಿಗೆ ಕಂಪ್ಯೂಟರ್ ಕಲಿಸುವ ಸೀನಿಯರ್‌ನೆಟ್ ಸಂಸ್ಥೆಯನ್ನು ಕಟ್ಟಿ ಈ ಸಿದ್ಧಾಂತಕ್ಕೆ ವಿರುದ್ಧ ದಿಕ್ಕಿನಲ್ಲಿ ನಡೆದಿದ್ದರು. 1998ರಲ್ಲಿ ರಾಬರ್ಟ್ ಕ್ರೌಟ್ ಮತ್ತು ಸಂಗಡಿಗರು ಪಿಟ್ಸ್‌ಬರ್ಗಿನ 73 ಮನೆಗಳ ಬೇರೆ ಬೇರೆ ವಯಸ್ಸಿನ 169 ಜನರನ್ನು ಗಮನಿಸಿ, ಅಂತರ್ಜಾಲವನ್ನು ಹೆಚ್ಚು ಬಳಸಿದವರಲ್ಲಿ ಮನೆಯವರೊಂದಿಗಿನ ಮಾತುಕತೆ ತಗ್ಗಿ ಒಂಟಿತನ ಮತ್ತು ಖಿನ್ನತೆ ತುಸು ಹೆಚ್ಚಿತೆಂದು ಬರೆದಾಗ ಲೋಕವೇ ಬೆಚ್ಚಿತು. ಅದೇ ತಂಡ 2002ರಲ್ಲಿ ಮತ್ತೆ ನೋಡಿದಾಗ ಆ ಕೆಡುಕು ಬಹುಮಟ್ಟಿಗೆ ಮಾಯವಾಗಿತ್ತು. 2014ರಲ್ಲಿ ಶೀಲಿಯಾ ಕಾಟನ್ ಮತ್ತು ಸಂಗಡಿಗರು ಅಮೆರಿಕದ ನಿವೃತ್ತರ ಹಲವು ವರ್ಷಗಳ ಮಾಹಿತಿಯನ್ನು ಪರಿಶೀಲಿಸಿ, ಅಂತರ್ಜಾಲ ಬಳಸುವವರಲ್ಲಿ ಖಿನ್ನತೆಯ ಸಂಭವ ಸುಮಾರು ಮೂರನೆಯ ಒಂದು ಪಾಲು ಕಡಿಮೆಯೆಂದೂ, ಒಬ್ಬರೇ ವಾಸಿಸುವವರಿಗೆ ಈ ಲಾಭ ಹೆಚ್ಚೆಂದೂ ತೋರಿಸಿದರು. ಮಾನವ ಸಂಬಂಧ ಗಟ್ಟಿಯಾಗಿದ್ದವರು ಬದುಕುಳಿಯುವ ಸಾಧ್ಯತೆ ಶೇ. 50ರಷ್ಟು ಹೆಚ್ಚು ಎಂದು 148 ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ಒಂದು ವಿಶ್ಲೇಷಣೆಯೂ ಹೇಳಿತ್ತು. ಈ ಅಂಕಿಗಳನ್ನು ಚೆನ್ನೈಗೆ ಎತ್ತಿ ತಂದು ಅಂಟಿಸುವುದು ಸರಿಯಲ್ಲ. ಓದು, ಹಣ, ಆರೋಗ್ಯ ಇದ್ದವರೇ ಮೊದಲು ಅಂತರ್ಜಾಲಕ್ಕೆ ಬರುವುದರಿಂದ ಯಾವುದು ಕಾರಣ, ಯಾವುದು ಪರಿಣಾಮ ಎಂಬ ತೊಡಕು ಎಲ್ಲೆಡೆಯೂ ಇದೆ. ಜೊತೆಗೆ ಅಮೆರಿಕದ ಮುದುಕಿ ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತಿದ್ದಳು, ಮದ್ರಾಸಿನವಳ ಪಕ್ಕದಲ್ಲಿ ಯಾರಾದರೊಬ್ಬರು ಇರುತ್ತಿದ್ದರು. ಅಧ್ಯಯನಗಳ ಪ್ರಶ್ನಾವಳಿಯಲ್ಲಿ ಆ ಪಕ್ಕದವರಿಗೆ ಅಂಕಣವೇ ಇರಲಿಲ್ಲ.

ಲಿಪಿಯೂ ಒಂದು ಗೋಡೆಯಾಗಿತ್ತು. ತಮಿಳಿಗೆ 1999ರ ಫೆಬ್ರವರಿಯಲ್ಲಿ ಚೆನ್ನೈನಲ್ಲೇ ನಡೆದ ಸಮ್ಮೇಳನದ ಫಲವಾಗಿ ತಮಿಳ್‌ನೆಟ್ 99 ಎಂಬ ಕೀಲಿಮಣೆ ವಿನ್ಯಾಸ ನೆಲೆಗೊಂಡಿತು, ಕನ್ನಡಕ್ಕೆ ಕೆ.ಪಿ. ರಾಯರ ವಿನ್ಯಾಸ ದಾರಿ ತೋರಿತು. ಆದರೂ ಎಪ್ಪತ್ತರ ವಯಸ್ಸಿನಲ್ಲಿ ಹೊಸದಾಗಿ ಕೀಲಿ ಕಲಿಯುವವರು ಎಷ್ಟು ಮಂದಿ? 2017ರ ಆಗಸ್ಟಿನಲ್ಲಿ ಗೂಗಲ್ ಸಂಸ್ಥೆಯು ಮಾತನ್ನೇ ಅಕ್ಷರವಾಗಿಸುವ ಸೌಲಭ್ಯವನ್ನು ಕನ್ನಡ, ತಮಿಳು ಸೇರಿ ಭಾರತದ ಎಂಟು ಭಾಷೆಗಳಿಗೆ ಏಕಕಾಲದಲ್ಲಿ ತಂದದ್ದು, ಅದಕ್ಕೂ ಮೊದಲು ವಾಟ್ಸ್‌ಆ್ಯಪಿನಲ್ಲಿ ದನಿ ಮುದ್ರಿಸಿ ಕಳಿಸುವ ಅವಕಾಶ ಬಂದದ್ದು ಹಿರಿಯರ ಪಾಲಿಗೆ ಕೀಲಿಮಣೆಗಿಂತ ದೊಡ್ಡ ತಿರುವು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಮಕ್ಕಳ ಶಾಲೆಯಲ್ಲಿ ಇಂಗ್ಲಿಷು ಎಂದು ಮೂರು ಪಾಲಾಗಿ ಬದುಕಿದ ಚೆನ್ನೈ ಕನ್ನಡಿಗರಿಗಂತೂ, ಬೀದಿಯ ಅಂಗಡಿಯಲ್ಲಿ ಕನ್ನಡ ಪತ್ರಿಕೆ ಸಿಗದ ಊರಿನಲ್ಲಿ, ಬೆಳಗಿನ ಸುದ್ದಿಯನ್ನು ಫೋನಿನಲ್ಲಿ ಕನ್ನಡದಲ್ಲೇ ಓದುವುದು ಮೊದಲ ಬಾರಿಗೆ ದಿನನಿತ್ಯದ ಮಾತಾಯಿತು.

2015ರ ಡಿಸೆಂಬರ್ 1ರ ರಾತ್ರಿ ಅಡ್ಯಾರ್ ನದಿ ಉಕ್ಕಿ ಊರನ್ನು ಮುಳುಗಿಸಿದಾಗ ಈ ಹೊಸ ಸಂಪರ್ಕದ ಬಲವೂ ಬಲಹೀನತೆಯೂ ಒಟ್ಟಿಗೆ ಬಯಲಾದವು. ವಿದ್ಯುತ್ತು ಹೋಯಿತು, ಮೊಬೈಲ್ ಗೋಪುರಗಳು ಒಂದೊಂದಾಗಿ ಸತ್ತವು. 1878ರಿಂದ ಬರುತ್ತಿದ್ದ ದಿ ಹಿಂದೂ ಪತ್ರಿಕೆಯು ನೌಕರರು ಮುದ್ರಣಾಲಯ ತಲುಪಲಾರದೆ ಡಿಸೆಂಬರ್ 2ರಂದು ಚೆನ್ನೈನಲ್ಲಿ ಅಚ್ಚಾಗಲಿಲ್ಲ. ಕಾಫಿ ಮತ್ತು ಹಿಂದೂ ಇಲ್ಲದೆ ಬೆಳಗಾಗದ ಊರಿನ ಹಿರಿಯರಿಗೆ ಈ ಎರಡನೆಯ ಸಂಗತಿಯ ಆಘಾತ ಸಣ್ಣದಲ್ಲ. ಕ್ಯಾಲಿಫೋರ್ನಿಯಾದಲ್ಲೂ ಬೆಂಗಳೂರಿನಲ್ಲೂ ಕೂತ ಮಕ್ಕಳು ತಂದೆತಾಯಿಯರ ವಿಳಾಸ, ಮಹಡಿ, ತೆಗೆದುಕೊಳ್ಳುವ ಮಾತ್ರೆಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಬರೆದು ಅಪರಿಚಿತ ಸ್ವಯಂಸೇವಕರ ನೆರವು ಕೋರಿದರು, ಸ್ವಯಂಸೇವಕರು ಆ ಕೋರಿಕೆಗಳನ್ನು ಪಟ್ಟಿ ಮಾಡಿ ದೋಣಿಯವರಿಗೆ ದಾಟಿಸಿದರು. ಅಂತರ್ಜಾಲ ಕೆಲಸ ಮಾಡಿದ್ದು ನಿಜ, ಆದರೆ ಅದನ್ನು ಬಳಸಿದವರು ಮುಳುಗಿದ ಮನೆಯ ಹಿರಿಯರಲ್ಲ; ಬ್ಯಾಟರಿ ಮುಗಿದ ಫೋನು ಹಿಡಿದು ಮಹಡಿಯ ಮೇಲೆ ನಿಂತವರಿಗೆ ಆಸರೆಯಾದವರು ಕೆಳಗಿನ ಮನೆಯ ಗಂಡಸು, ಎದುರು ಬೀದಿಯ ಹುಡುಗರು, ಮೀನುಗಾರರ ದೋಣಿ.

ಮರುವರ್ಷ ಎರಡು ಸಂಗತಿಗಳು ಬೆನ್ನುಬೆನ್ನಿಗೆ ನಡೆದವು. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಗಿ ಮೊಬೈಲ್ ಅಂತರ್ಜಾಲದ ದರ ನೆಲ ಕಚ್ಚಿತು. ನವೆಂಬರ್ 8ರ ನೋಟು ರದ್ದತಿಯು ಹಣವನ್ನು ಫೋನಿನೊಳಗೆ ತಳ್ಳಿತು. ಮಗನ ಹಳೆಯ ಸ್ಮಾರ್ಟ್‌ಫೋನು ತಂದೆಯ ಕೈಗೆ ಬಂತು, ಬ್ರೌಸಿಂಗ್ ಸೆಂಟರುಗಳು ಝೆರಾಕ್ಸ್ ಅಂಗಡಿಗಳಾದವು, ನಡುವಿನವನು ಮೊದಲ ಬಾರಿಗೆ ದೃಶ್ಯದಿಂದ ಮರೆಯಾದ. ಇದು ನಿಜವಾದ ಬಿಡುಗಡೆ: ಗುಟ್ಟು ಗುಟ್ಟಾಗಿಯೇ ಉಳಿಯುವ, ಯಾರ ದಾಕ್ಷಿಣ್ಯವೂ ಇಲ್ಲದೆ ಅರ್ಧರಾತ್ರಿ ಮೊಮ್ಮಗುವಿನ ಮುಖ ನೋಡಬಹುದಾದ ಬಿಡುಗಡೆ. ನಡುವಿನವನು ಮಾಡುತ್ತಿದ್ದ ಇನ್ನೊಂದು ಕೆಲಸ ಮಾತ್ರ, ಬಂದ ಸುದ್ದಿ ನಂಬತಕ್ಕದ್ದೋ ಅಲ್ಲವೋ ಎಂದು ಒಂದು ಮಾತು ಹೇಳುವುದು, ಅವನೊಂದಿಗೇ ಹೋಯಿತು. ಸಕ್ಕರೆ ಕಾಯಿಲೆಗೆ ಸೊಪ್ಪಿನ ರಸ, ಹೃದಯಾಘಾತಕ್ಕೆ ಕೆಮ್ಮು ಎಂಬ ಬಗೆಯ ಫಾರ್ವರ್ಡುಗಳು ಬೆಳಗಿನ ಶುಭೋದಯದ ಚಿತ್ರಗಳೊಂದಿಗೆ ಸಾಗತೊಡಗಿದವು. 2018ರಲ್ಲಿ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆಗೆ ಕಳಿಸುವ ಮಿತಿ ಹೇರಬೇಕಾಯಿತು.

ವೈದ್ಯಕೀಯ ರಂಗ ಮಾತ್ರ ನಡುವಿನವರನ್ನು ಬಿಟ್ಟುಕೊಡಲಿಲ್ಲ, ಅದರ ಜಾಣತನ ಗಮನಾರ್ಹ. ವೈದ್ಯರೂ ರೋಗಿಯೂ ಬೇರೆ ಬೇರೆ ಊರಲ್ಲಿದ್ದು ತಂತಿ ಅಥವಾ ಉಪಗ್ರಹದ ಮೂಲಕ ನಡೆಯುವ ಚಿಕಿತ್ಸೆ ದೂರವೈದ್ಯ. ಚೆನ್ನೈನ ಅಪೋಲೊ ಆಸ್ಪತ್ರೆ ತನ್ನ ಸ್ಥಾಪಕ ಪ್ರತಾಪ್ ರೆಡ್ಡಿಯವರ ಹುಟ್ಟೂರಾದ ಚಿತ್ತೂರು ಜಿಲ್ಲೆಯ ಅರಗೊಂಡದಲ್ಲಿ ಅದನ್ನು ಕಟ್ಟಿದಾಗ 2000ದ ಮಾರ್ಚಿನಲ್ಲಿ ಭಾರತಕ್ಕೆ ಬಂದಿದ್ದ ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಅದಕ್ಕೆ ಚಾಲನೆ ಕೊಟ್ಟರು. ಮುಂದೆ ಇಸ್ರೋ ಇದೇ ಮಾದರಿಯಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಉಪಗ್ರಹದಿಂದ ಜೋಡಿಸಿತು. ಈ ಎಲ್ಲ ಕಡೆಯೂ ರೋಗಿಯ ಪಕ್ಕ ಒಬ್ಬ ನರ್ಸ್ ಅಥವಾ ಸಹಾಯಕ ಇದ್ದೇ ಇರುತ್ತಿದ್ದ. ಲಾಕ್‌ಡೌನ್ ಆರಂಭವಾದ 2020ರ ಮಾರ್ಚ್ 25ರಂದೇ ಕೇಂದ್ರ ಸರ್ಕಾರ ಪ್ರಕಟಿಸಿದ ದೂರವೈದ್ಯ ಮಾರ್ಗಸೂಚಿಗಳು ರೋಗಿಯ ಪರವಾಗಿ ಆರೈಕೆದಾರರೂ ಆರೋಗ್ಯ ಕಾರ್ಯಕರ್ತರೂ ವೈದ್ಯರನ್ನು ಸಂಪರ್ಕಿಸಬಹುದೆಂದು ಪ್ರತ್ಯೇಕವಾಗಿಯೇ ಬರೆದವು. ತಮಿಳುನಾಡು ಸರ್ಕಾರ 2021ರ ಆಗಸ್ಟ್ 5ರಂದು, ಕನ್ನಡ ಮಾತಾಡುವವರೂ ಇರುವ ಗಡಿಯ ಕೃಷ್ಣಗಿರಿ ಜಿಲ್ಲೆಯಲ್ಲಿ ಆರಂಭಿಸಿದ, ಜನರನ್ನು ಅರಸಿ ಬರುವ ವೈದ್ಯಸೇವೆ ಎಂಬರ್ಥದ ಮಕ್ಕಳೈ ತೇಡಿ ಮರುತ್ತುವಂ ಯೋಜನೆಯೂ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳ ಮಾತ್ರೆಯನ್ನು ಆ್ಯಪಿನ ಮೂಲಕವಲ್ಲ, ಮನೆ ಬಾಗಿಲಿಗೆ ಬರುವ ಹೆಣ್ಣುಮಗಳ ಕೈಯಲ್ಲೇ ತಲುಪಿಸುತ್ತದೆ.

ಕೊರೋನಾ ಕಾಲ ಊರಿನ ಹಿರಿಯರ ಕೂಟಗಳಿಗೆಲ್ಲ ಬೀಗ ಹಾಕಿತು. ಡ್ರೈವ್-ಇನ್ ಹೋಟೆಲು ಜಾಗದ ವಿವಾದದಲ್ಲಿ 2008ರಲ್ಲೇ ಮುಚ್ಚಿ ಅಲ್ಲಿ 2010ರಲ್ಲಿ ಸೆಮ್ಮೊಳಿ ಉದ್ಯಾನ ಎದ್ದಿತ್ತು. ಈಗ ಉದ್ಯಾನ, ಮರೀನಾ, ದೇವಸ್ಥಾನ ಎಲ್ಲವೂ ಮುಚ್ಚಿದವು. ನರೆತ ತಲೆಗಳೇ ಹೆಚ್ಚಾಗಿ ತುಂಬಿರುವ ಮಾರ್ಗಳಿ ತಿಂಗಳ ಸಂಗೀತೋತ್ಸವ 2020ರ ಡಿಸೆಂಬರಿನಲ್ಲಿ ಪರದೆಗೆ ಹೋಯಿತು. 1928ರಲ್ಲಿ ಸ್ಥಾಪನೆಯಾದ ಮ್ಯೂಸಿಕ್ ಅಕಾಡೆಮಿಯೂ ಕಚೇರಿಗಳನ್ನು ಮೊದಲೇ ಚಿತ್ರೀಕರಿಸಿ ಅಂತರ್ಜಾಲದಲ್ಲಿ ಬಿತ್ತರಿಸಿತು. ಸಂಗೀತ ಕೇಳಿಸಿತು, ಮುಂದಿನ ಸಾಲಿಗಿಂತಲೂ ಸ್ಪಷ್ಟವಾಗಿಯೇ ಕೇಳಿಸಿತು. ಆದರೆ ಪಕ್ಕದ ಕುರ್ಚಿಯವರೊಂದಿಗೆ ರಾಗ ಯಾವುದೆಂದು ಪಿಸುಮಾತಿನಲ್ಲಿ ವಾದಿಸುವುದು, ತನಿ ಆವರ್ತನದ ಹೊತ್ತಿಗೆ ಎದ್ದು ಕ್ಯಾಂಟೀನಿಗೆ ಹೋಗುವುದು, ಅಲ್ಲಿ ಕೀರೈ ವಡೆಯ ಮುಂದೆ ಕಳೆದ ವರ್ಷದವರಲ್ಲಿ ಈ ವರ್ಷ ಯಾರಿಲ್ಲವೆಂದು ವಿಚಾರಿಸುವುದು, ಇವಕ್ಕೆ ಪರದೆಯಲ್ಲಿ ಜಾಗವಿರಲಿಲ್ಲ. ಸಭಾಂಗಣಗಳು ಮತ್ತೆ ತೆರೆದಾಗ ಜನ ಹಿಂತಿರುಗಿದ್ದು ಸಂಗೀತಕ್ಕಷ್ಟೇ ಅಲ್ಲ.

ಒಂಟಿಯಾಗಿ ಫೋನು ಹಿಡಿದ ಹಿರಿಯರನ್ನು ಈಚಿನ ವರ್ಷಗಳಲ್ಲಿ ಹುಡುಕಿಕೊಂಡು ಬಂದವರು ವಂಚಕರು. ಪೊಲೀಸ್ ವೇಷ ತೊಟ್ಟು ವಿಡಿಯೋ ಕರೆ ಮಾಡಿ, ನಿಮ್ಮ ಹೆಸರಿನಲ್ಲಿ ಅಪರಾಧವಾಗಿದೆ, ಕ್ಯಾಮೆರಾದ ಮುಂದಿನಿಂದ ಏಳಕೂಡದು, ಯಾರಿಗೂ ಹೇಳಕೂಡದು ಎಂದು ಹೆದರಿಸಿ ಹಣ ಕೀಳುವುದಕ್ಕೆ ಡಿಜಿಟಲ್ ಅರೆಸ್ಟ್ ಎಂಬ ಹೆಸರು ಬಿದ್ದಿದೆ. ಭಾರತದ ಕಾನೂನಿನಲ್ಲಿ ಅಂಥದೊಂದು ಬಂಧನವೇ ಇಲ್ಲ. 2024ರ ಅಕ್ಟೋಬರ್ 27ರ ಬಾನುಲಿ ಭಾಷಣದಲ್ಲಿ ಪ್ರಧಾನಿ ನರೇಂದ್ರ ಮೋದಿ ಇದನ್ನು ಕುರಿತೇ ಮಾತಾಡಿ, ವಿಜಯಪುರದವರೊಬ್ಬರು ಇಂಥ ಕರೆಯನ್ನು ಎದುರಿಸಿದ ದೃಶ್ಯವನ್ನು ಮಾದರಿಯಾಗಿ ತೋರಿಸಿದರು. ಯಾರಿಗೂ ಹೇಳಕೂಡದು ಎಂಬುದೇ ಈ ವಂಚನೆಯ ಜೀವಾಳ; ಪಕ್ಕದಲ್ಲಿ ಇನ್ನೊಬ್ಬರು ಕೂತಿದ್ದರೆ ಅದು ಐದು ನಿಮಿಷವೂ ನಡೆಯುವಂಥದಲ್ಲ. ಹಣ ಹೋದ ಕೂಡಲೇ 1930 ಸಂಖ್ಯೆಗೆ ದೂರು ಕೊಡಬಹುದು.

ಪಿಂಚಣಿಯ ಕಥೆಯಲ್ಲಿ ಈ ಚರಿತ್ರೆ ಒಂದು ಸುತ್ತು ಹಾಕಿ ಬಂದಿದೆ. ರೈಲ್ವೆ, ಬಂದರು, ಪೆರಂಬೂರಿನ ಕೋಚ್ ಕಾರ್ಖಾನೆ, ಕೇಂದ್ರದ ಹತ್ತಾರು ಕಚೇರಿಗಳಿರುವ ಚೆನ್ನೈ ಪಿಂಚಣಿದಾರರ ಊರು. ಪ್ರತಿ ನವೆಂಬರಿನಲ್ಲಿ ಅವರು ಬ್ಯಾಂಕಿಗೆ ಖುದ್ದಾಗಿ ಹೋಗಿ ಬದುಕಿರುವ ಪ್ರಮಾಣಪತ್ರ ಕೊಡಬೇಕಿತ್ತು. ಮಳೆಗಾಲದ ನಟ್ಟನಡುವೆ ಬರುವ ಈ ಯಾತ್ರೆಯನ್ನು ತಪ್ಪಿಸಲು 2014ರ ನವೆಂಬರ್ 10ರಂದು ಜೀವನ್ ಪ್ರಮಾಣ್ ಬಂತು. ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ಮನೆಯಲ್ಲೇ ಪ್ರಮಾಣಪತ್ರ ಪಡೆಯುವ ಏರ್ಪಾಡು ಅದು. ಎಪ್ಪತ್ತು ವರ್ಷ ದುಡಿದ ಬೆರಳ ಗೆರೆಗಳು ಸವೆದಿರುತ್ತವೆ, ಚರ್ಮ ಒಣಗಿರುತ್ತದೆ, ಯಂತ್ರದ ಗಾಜಿನ ಮೇಲೆ ಹೆಬ್ಬೆರಳಿಟ್ಟರೆ ಗುರುತು ಹತ್ತುವುದಿಲ್ಲ; ಬೆರಳೊರಸಿ, ಒದ್ದೆ ಬಟ್ಟೆಗೆ ತಾಕಿಸಿ, ಎಡಗೈಯದು ಆಗದಿದ್ದರೆ ಬಲಗೈಯದು ಎಂದು ಮತ್ತೆ ಮತ್ತೆ ಒತ್ತಬೇಕು. 2021ರಲ್ಲಿ ಮುಖ ಗುರುತಿಸುವ ವಿಧಾನವೂ ಸೇರಿತು. ಅದಕ್ಕೊಂದು ವರ್ಷ ಮೊದಲೇ, 2020ರ ನವೆಂಬರಿನಲ್ಲಿ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಇದೇ ಕೆಲಸಕ್ಕೆ ತನ್ನ ಜನರನ್ನು ಪಿಂಚಣಿದಾರರ ಮನೆಗೆ ಕಳಿಸತೊಡಗಿತು. 70 ರೂಪಾಯಿ ಶುಲ್ಕಕ್ಕೆ ಫೋನನ್ನೂ ಬೆರಳಚ್ಚಿನ ಯಂತ್ರವನ್ನೂ ಹಿಡಿದು ಬಾಗಿಲಿಗೆ ಬಂದು, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುವವನು ಅಂಚೆಯವನು.